ಕಿಟಕಿ ಗಾಜಿನ ಮಬ್ಬು: ಒರೆಸಿದರೆ ಹೋಗುವುದು, ಎಷ್ಟು ಒರೆಸಿದರೂ ಹೋಗದ್ದು

ನವೆಂಬರ್ ಬಂತೆಂದರೆ ನನ್ನ ಫೋನಿಗೆ ಎರಡು ಬಗೆಯ ಫೋಟೊ ಬರುತ್ತವೆ. ಒಂದು ದೀಪಾವಳಿಯ ಹಣತೆಯದು, ಇನ್ನೊಂದು ಹಬೆ ಹಿಡಿದ ಕಿಟಕಿಯದು. ಮಿನಿಸೋಟ, ಮಿಷಿಗನ್, ಟೊರಾಂಟೊ, ಕೆಲವೊಮ್ಮೆ ಇಂಗ್ಲೆಂಡು, ಎಲ್ಲಿಂದ ಬಂದರೂ ಪ್ರಶ್ನೆ ಮಾತ್ರ ಒಂದೇ. "ಕಿಟಕಿ ಬೆವರ್ತಾ ಇದೆ, ಸೀಲ್ ಹೋಗಿದೆಯಂತೆ, ಅಷ್ಟೂ ಕಿಟಕಿ ಬದಲಾಯಿಸಬೇಕಂತೆ, ಹೌದಾ?" ಈ 'ಅಂತೆ'ಗಳನ್ನು ಹೇಳಿದವರು ಯಾರು ಎಂದು ಕೇಳಿದರೆ ಹೆಚ್ಚಿನ ಸಲ ಕಿಟಕಿ ಮಾರಲು ಮನೆಗೆ ಬಂದವರೇ ಆಗಿರುತ್ತಾರೆ.

ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿ ಇದನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಮುಖ್ಯವಾಗಿ ಚಳಿಯ ದೇಶಗಳಲ್ಲಿ, ಅದರಲ್ಲೂ ಅಮೆರಿಕ ಮತ್ತು ಕೆನಡಾದಲ್ಲಿ, ಸ್ವಂತ ಮನೆ ಇರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಬೆಂಗಳೂರಿನ ಫ್ಲ್ಯಾಟುಗಳಿಗೂ ಈಗ ಜೋಡಿ ಗಾಜಿನ ಕಿಟಕಿ ಬಂದಿರುವುದರಿಂದ ಅವರಿಗೂ ಕೊನೆಯಲ್ಲಿ ನಾಲ್ಕು ಮಾತಿದೆ.

ಆ ಗಾಜಿನೊಳಗೆ ಏನಿದೆ

ಊರಿನ ಮನೆಯ ಕಿಟಕಿ ಗಾಜು ಒಡೆದರೆ ಅಳತೆ ಹಿಡಿದು ಗಾಜಿನಂಗಡಿಗೆ ಹೋಗಿ, ಕೊಯ್ಸಿಕೊಂಡು ಬಂದು, ಮೊಳೆ ಪುಟ್ಟಿ ಹಾಕಿ ಕೂರಿಸಿದರೆ ಮುಗಿಯಿತು. ಇಲ್ಲಿನದು ಹಾಗಲ್ಲ. ಕಾರ್ಖಾನೆಯಲ್ಲೇ ಎರಡು ಗಾಜುಗಳನ್ನು ಅಂಚಿನಲ್ಲಿ ಅಂಟಿಸಿ, ನಡುವೆ ಒಣ ಅನಿಲ ತುಂಬಿ, ಮುಚ್ಚಿ ತಂದ ಒಂದೇ ಪೆಟ್ಟಿಗೆ ಅದು. ಅಂಗಡಿಯವರು ಅದನ್ನು ಐಜಿಯು ಅಥವಾ ಸೀಲ್ಡ್ ಯೂನಿಟ್ ಎನ್ನುತ್ತಾರೆ. ಮುಂದೆ ನಾನು 'ಯೂನಿಟ್' ಎಂದಾಗಲೆಲ್ಲ ಈ ಗಾಜಿನ ಜೋಡಿ ಎಂದು ತಿಳಿಯಿರಿ. ಯೂನಿಟ್ಟನ್ನು ಹಿಡಿದಿರುವ, ಮೇಲೆ ಕೆಳಗೆ ಸರಿಯುವ ಅಥವಾ ತೆರೆದುಕೊಳ್ಳುವ ಒಳಚೌಕಟ್ಟು ಸ್ಯಾಶ್. ಗೋಡೆಗೆ ಕೂತಿರುವ ಹೊರಚೌಕಟ್ಟು ಫ್ರೇಮ್.

ಎರಡು ಗಾಜುಗಳ ಅಂಚಿನಲ್ಲಿ ಸುತ್ತಲೂ ಒಂದು ಪಟ್ಟಿ ಕಾಣುತ್ತದಲ್ಲ, ಅದು ಸ್ಪೇಸರ್. ಹಳೆಯದಾದರೆ ಅಲ್ಯೂಮಿನಿಯಮ್, ಈಚಿನದಾದರೆ ಸ್ಟೀಲ್ ಅಥವಾ ಫೋಮ್. ಅದರೊಳಗೆ ಒಣಗಿಸುವ ಕಾಳು ಇರುತ್ತದೆ. ಹೊಸ ಶೂ ಡಬ್ಬಿಯಲ್ಲಿ ಸಿಗುವ ಸಿಲಿಕಾ ಪೊಟ್ಟಣದ ಬಂಧು ಎನ್ನಿ. ಅಂಚಿಗೆ ಎರಡು ಅಂಟು: ಒಳಗಿನ ಬ್ಯೂಟೈಲ್ ತೇವವನ್ನೂ ಅನಿಲವನ್ನೂ ತಡೆಯುತ್ತದೆ, ಹೊರಗಿನ ಪಾಲಿಸಲ್ಫೈಡ್ ಅಥವಾ ಸಿಲಿಕೋನ್ ಗಾಜುಗಳನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ನಡುವೆ ಸಾಮಾನ್ಯವಾಗಿ ಆರ್ಗಾನ್. ಒಂದು ಗಾಜಿನ ಒಳಮುಖಕ್ಕೆ ಕಣ್ಣಿಗೆ ಕಾಣದಷ್ಟು ತೆಳುವಾದ ಬೆಳ್ಳಿಯ ಲೇಪ. ಇದೇ ಲೋ-ಇ, ಅಂದರೆ ಮನೆಯ ಶಾಖವನ್ನು ಮನೆಯೊಳಕ್ಕೇ ತಿರುಗಿಸುವ ಲೇಪ.

ಇಲ್ಲೊಂದು ವಿಷಯ ತಲೆಯಲ್ಲಿರಲಿ. ಎಷ್ಟೇ ಒಳ್ಳೆಯ ಸೀಲ್ ಆದರೂ ಚೂರುಚೂರೇ ತೇವವನ್ನು ಒಳಗೆ ಬಿಡುತ್ತದೆ, ಸ್ಪೇಸರಿನ ಕಾಳು ಅದನ್ನು ಕುಡಿಯುತ್ತ ಕೂರುತ್ತದೆ. ಕಾಳಿನ ಹೊಟ್ಟೆ ತುಂಬಿದ ದಿನ ಗಾಜಿನ ನಡುವೆ ಮಬ್ಬು ಕಾಣಿಸುತ್ತದೆ. ಹಾಗಾಗಿ ನಿಮಗೆ ಇವತ್ತು ಕಂಡ ಮಬ್ಬು ಎಷ್ಟೋ ವರ್ಷಗಳ ಹಿಂದೆ ಶುರುವಾದ ಕಥೆ.

ಹಂತ 1: ನೀರು ಯಾವ ಮುಖದಲ್ಲಿದೆ ನೋಡಿ

ಯಾರಿಗೂ ಫೋನ್ ಮಾಡುವ ಮೊದಲು ಇದನ್ನು ಮಾಡಿ. ಒಂದು ಒಣ ಬಟ್ಟೆ ಸಾಕು.

ಒಳಗಿನಿಂದ ಒರೆಸಿದಾಗ ಹೋದರೆ ಅದು ನಿಮ್ಮ ಮನೆಯ ಗಾಳಿಯ ತೇವ. ಸೀಲ್ ಗಟ್ಟಿಯಾಗಿಯೇ ಇದೆ. ಹಂತ 2ಕ್ಕೆ ಹೋಗಿ.

ಹೊರಗಿನಿಂದ ಒರೆಸಿದಾಗ ಹೋದರೆ ಅದು ಇಬ್ಬನಿ. ವಸಂತದಲ್ಲೋ ಶರತ್ಕಾಲದಲ್ಲೋ ಬೆಳಗಿನ ಹೊತ್ತು ಕಂಡು, ಬಿಸಿಲೇರಿದ ಮೇಲೆ ಮಾಯವಾಗುತ್ತದೆ. ಮನೆಯ ಶಾಖ ಹೊರಗಿನ ಗಾಜಿನವರೆಗೆ ತಲುಪುತ್ತಿಲ್ಲ, ಅದಕ್ಕೇ ಆ ಗಾಜು ಹುಲ್ಲಿನಷ್ಟೇ ತಣ್ಣಗಾಗಿ ಇಬ್ಬನಿ ಹಿಡಿದಿದೆ. ಹೊಸ ಕಿಟಕಿ ಹಾಕಿಸಿದವರು ಇದನ್ನು ಕಂಡು ಗಾಬರಿಯಾಗುವುದೇ ಹೆಚ್ಚು. ಕಿಟಕಿ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದೇ ಸಾಕ್ಷಿ, ಸುಮ್ಮನೆ ಬಿಡಿ.

ಎರಡೂ ಕಡೆ ಒರೆಸಿದರೂ ಹೋಗದಿದ್ದರೆ, ಬೆರಳಿಟ್ಟರೆ ಎರಡೂ ಕಡೆ ಒಣಗಿಯೇ ಇದ್ದರೆ, ನೀರು ನಡುವೆ ಇದೆ. ಸೀಲ್ ಹೋಗಿದೆ. ಹಂತ 3ಕ್ಕೆ ಹಾರಿ.

ಹಳೆಯ ಮನೆಗಳಲ್ಲಿ ಕಿಟಕಿಯ ಹೊರಗೆ ಇನ್ನೊಂದು ಒಂಟಿ ಗಾಜಿನ ಸ್ಟಾರ್ಮ್ ಕಿಟಕಿ ಇರುತ್ತದೆ. ಹಬೆ ಅದರ ಒಳಮುಖದಲ್ಲಿದ್ದರೆ ಒಳಗಿನ ಕಿಟಕಿಯ ಸಂದಿಯಿಂದ ಮನೆಯ ಗಾಳಿ ಸೋರುತ್ತಿದೆ ಎಂದರ್ಥ. ಸಂದಿಗೆ ವೆದರ್ ಸ್ಟ್ರಿಪ್, ಅಂದರೆ ಗಾಳಿ ತಡೆಯುವ ರಬ್ಬರ್ ಅಥವಾ ಫೋಮ್ ಪಟ್ಟಿ, ಹೊಸದಾಗಿ ಹಾಕಿ.

ಹಂತ 2: ಒಳಮುಖದ ನೀರು

ನನಗೆ ಬರುವ ಫೋಟೊಗಳಲ್ಲಿ ಹೆಚ್ಚಿನವು ಈ ಗುಂಪಿನವೇ, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಮೊದಲು ಒಂದು ಹೈಗ್ರೋಮೀಟರ್ ಕೊಂಡುಕೊಳ್ಳಿ. ಗಾಳಿಯ ತೇವಾಂಶ ಅಳೆಯುವ, ಅಂಗೈಯಗಲದ ಸಾಧನ, ಬೆಲೆಯೇನೂ ಹೆಚ್ಚಿಲ್ಲ. ಅದು ತೋರಿಸುವ ಶೇಕಡಾ ಸಂಖ್ಯೆ ಸಾಪೇಕ್ಷ ಆರ್ದ್ರತೆ: ಆ ಉಷ್ಣಾಂಶದಲ್ಲಿ ಗಾಳಿ ಹಿಡಿದುಕೊಳ್ಳಬಲ್ಲ ತೇವದಲ್ಲಿ ಈಗ ಎಷ್ಟು ಪಾಲು ಇದೆ ಎಂಬ ಲೆಕ್ಕ. ಗಾಳಿ ತಣ್ಣಗಾದಂತೆ ಅದರ ಹಿಡಿಯುವ ಶಕ್ತಿ ಕುಗ್ಗುತ್ತದೆ. ಇನ್ನು ಹಿಡಿಯಲಾರೆ ಎಂದು ನೀರಾಗಿ ಬಿಟ್ಟುಬಿಡುವ ಉಷ್ಣಾಂಶವೇ ಇಬ್ಬನಿ ಬಿಂದು. ಮನೆಯೊಳಗೆ 21 ಡಿಗ್ರಿ ಸೆಲ್ಸಿಯಸ್ (70 ಫ್ಯಾರನ್‌ಹೀಟ್) ಇದ್ದು ಆರ್ದ್ರತೆ ಶೇ 50 ಇದ್ದರೆ ಇಬ್ಬನಿ ಬಿಂದು ಸುಮಾರು 10 ಡಿಗ್ರಿ. ಶೇ 40 ಆದರೆ ಸುಮಾರು 7, ಶೇ 30 ಆದರೆ 3ಕ್ಕಿಂತ ಚೂರು ಕಡಿಮೆ. ಗಾಜು ಇದಕ್ಕಿಂತ ತಣ್ಣಗಿದ್ದರೆ ನೀರು ಕೂರಲೇಬೇಕು.

ಗಾಜು ಎಷ್ಟು ತಣ್ಣಗಿರುತ್ತದೆ? ಹೊರಗೆ ಮೈನಸ್ 18 (ಸೊನ್ನೆ ಫ್ಯಾರನ್‌ಹೀಟ್) ಇರುವ ರಾತ್ರಿ, ಲೇಪವಿಲ್ಲದ ಹಳೆಯ ಜೋಡಿ ಗಾಜಿನ ಒಳಮುಖ ನಡುಮಧ್ಯದಲ್ಲಿ ಸುಮಾರು 7 ಡಿಗ್ರಿ. ಲೋ-ಇ ಮತ್ತು ಆರ್ಗಾನ್ ಇರುವ ಒಳ್ಳೆಯ ಯೂನಿಟ್ ಆದರೆ 15ರ ಆಸುಪಾಸು. ಆದರೆ ಇದು ನಡುಭಾಗದ ಮಾತು. ಅಂಚಿನಲ್ಲಿ, ವಿಶೇಷವಾಗಿ ಅಲ್ಯೂಮಿನಿಯಮ್ ಸ್ಪೇಸರ್ ಇದ್ದಲ್ಲಿ, ಇನ್ನೂ ಬಹಳ ತಣ್ಣಗಿರುತ್ತದೆ. ಕೆಳಗಿನ ಅಂಚಿನಲ್ಲೇ ಮೊದಲು ನೀರು ಸಾಲುಗಟ್ಟುವುದು, ಆಮೇಲೆ ಅದೇ ಮಂಜುಗಡ್ಡೆಯಾಗುವುದು ಇದೇ ಕಾರಣಕ್ಕೆ.

ಹಾಗಾದರೆ ಎಷ್ಟು ಆರ್ದ್ರತೆ ಇರಬೇಕು? ಚಳಿಗಾಲಕ್ಕೆಲ್ಲ ಒಂದೇ ಸಂಖ್ಯೆ ನಡೆಯುವುದಿಲ್ಲ. ಹೊರಗಿನ ಚಳಿ ಹೆಚ್ಚಿದಂತೆ ಒಳಗಿನದನ್ನು ಇಳಿಸಬೇಕು. ಇಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕ ಇದು, ಒಳಗೆ 21 ಡಿಗ್ರಿ ಇದ್ದಾಗ:

ಹೊರಗೆ 4ರಿಂದ ಮೈನಸ್ 7: ಶೇ 40 ಮೀರಬಾರದು.
ಮೈನಸ್ 7ರಿಂದ ಮೈನಸ್ 12: ಶೇ 35.
ಮೈನಸ್ 12ರಿಂದ ಮೈನಸ್ 18: ಶೇ 30.
ಮೈನಸ್ 18ರಿಂದ ಮೈನಸ್ 23: ಶೇ 25.
ಮೈನಸ್ 23ರಿಂದ ಮೈನಸ್ 29: ಶೇ 20. ಅದಕ್ಕೂ ಕೆಳಗೆ ಹೋದರೆ ಶೇ 15.

ಈಗ ನಮ್ಮ ಮನೆಗಳ ಮಾತಿಗೆ ಬರೋಣ. ಪಕ್ಕದ ಮನೆಯವರ ಕಿಟಕಿ ಒಣಗಿದ್ದು ನಮ್ಮದೇ ಯಾಕೆ ಬೆವರುತ್ತದೆ? ಅಡುಗೆಮನೆಗೆ ಹೋಗಿ ನೋಡಿ. ಬೆಳಿಗ್ಗೆ ಇಡ್ಲಿಯ ಹಬೆ, ಮಧ್ಯಾಹ್ನ ಕುಕ್ಕರಿನ ವಿಷಲ್, ಸಂಜೆ ಕುದಿಯುವ ಸಾರು. ಗ್ಯಾಸ್ ಒಲೆಯಾದರೆ ಉರಿಯೂ ನೀರು ಮಾಡುತ್ತದೆ: ಪೈಪಿನಲ್ಲಿ ಬರುವ ಗ್ಯಾಸಿನ ಮುಖ್ಯ ಅಂಶ ಮೀಥೇನ್, ಅದು ಒಂದು ಕಿಲೊ ಉರಿದರೆ ಎರಡೂ ಕಾಲು ಕಿಲೊ ನೀರಾವಿ ಹೊರಡುತ್ತದೆ. ಇದರ ಮೇಲೆ ಸ್ಟ್ಯಾಂಡಿನಲ್ಲಿ ಒಣಹಾಕಿದ ಬಟ್ಟೆ, ಊರಿನಿಂದ ಬಂದ ಅಪ್ಪ ಅಮ್ಮನ ಬಿಸಿನೀರಿನ ದೀರ್ಘ ಸ್ನಾನ. ಅಮ್ಮನಿಗೆ ಏನೂ ಹೇಳಬೇಡಿ, ಬಚ್ಚಲಿನ ಫ್ಯಾನಿಗೆ ಟೈಮರ್ ಹಾಕಿಸಿ.

ಮಾಡಬೇಕಾದ ಕೆಲಸಗಳನ್ನು ಈ ಕ್ರಮದಲ್ಲಿ ಮಾಡಿ:

ಫರ್ನೇಸಿಗೆ, ಅಂದರೆ ಮನೆ ಬಿಸಿ ಮಾಡುವ ಯಂತ್ರಕ್ಕೆ, ಹ್ಯೂಮಿಡಿಫೈಯರ್ (ಗಾಳಿಗೆ ತೇವ ಸೇರಿಸುವ ಸಾಧನ) ಜೋಡಿಸಿದ್ದರೆ ಮೊದಲು ಅದನ್ನು ಇಳಿಸಿ ಅಥವಾ ಆರಿಸಿ. ಎಷ್ಟೋ ಮನೆಗಳಲ್ಲಿ ಹಿಂದಿನ ಮಾಲೀಕರು ಶೇ 45ಕ್ಕೆ ಇಟ್ಟು ಹೋದದ್ದು ಹಾಗೇ ಇರುತ್ತದೆ. ಒಮ್ಮೊಮ್ಮೆ ಇಡೀ ತೊಂದರೆ ಇಷ್ಟಕ್ಕೇ ಮುಗಿಯುತ್ತದೆ.

ಒಲೆಯ ಮೇಲಿನ ಫ್ಯಾನ್ ಗಾಳಿಯನ್ನು ನಿಜಕ್ಕೂ ಹೊರಗೆ ಹಾಕುತ್ತದೆಯೇ ಪರೀಕ್ಷಿಸಿ. ಮೈಕ್ರೋವೇವ್ ಜೊತೆಗೇ ಬರುವ ಎಷ್ಟೋ ಫ್ಯಾನುಗಳು ಗಾಳಿಯನ್ನು ಜಾಲರಿಯಲ್ಲಿ ಸೋಸಿ ನಿಮ್ಮ ಮುಖಕ್ಕೇ ಬಿಡುತ್ತವೆ. ಒಗ್ಗರಣೆಯ ಘಾಟು ಚೂರು ಕಮ್ಮಿಯಾಗಬಹುದು, ಹಬೆ ಮಾತ್ರ ಮನೆಯಲ್ಲೇ ಉಳಿಯುತ್ತದೆ. ಫ್ಯಾನ್ ಹಾಕಿ ಹೊರಗೋಡೆಯ ಮುಚ್ಚಳ ಅಲುಗುತ್ತದೆಯೇ ನೋಡಿದರೆ ಗೊತ್ತಾಗುತ್ತದೆ.

ಬಚ್ಚಲಿನ ಫ್ಯಾನನ್ನು ಸ್ನಾನ ಮುಗಿದ ಮೇಲೂ ಅರ್ಧ ಗಂಟೆ ಓಡಿಸಿ.

ರಾತ್ರಿ ಬ್ಲೈಂಡ್ಸ್ ಪೂರ್ತಿ ಇಳಿಸಬೇಡಿ. ಕೆಳಗೆ ಎರಡು ಇಂಚು ಬಿಡಿ. ದಪ್ಪ ಪರದೆ ಗಾಜಿಗೆ ಮನೆಯ ಶಾಖ ತಲುಪದಂತೆ ಮಾಡುತ್ತದೆ, ತೇವ ಮಾತ್ರ ಸಂದಿಯಲ್ಲಿ ನುಸುಳಿಕೊಂಡು ಹೋಗುತ್ತದೆ. ಕಿಟಕಿಯ ಕೆಳಗಿರುವ ಹೀಟಿಂಗ್ ತೂತಿನ ಮೇಲೆ ಸೋಫಾ ಇದ್ದರೆ ಸರಿಸಿ. ಸೊಳ್ಳೆ ಜಾಲರಿ ಒಳಗಡೆ ಇರುವ ಬಗೆಯ ಕಿಟಕಿಯಾದರೆ ಚಳಿಗಾಲದಲ್ಲಿ ಜಾಲರಿ ತೆಗೆದಿಡಿ.

ಹೊಸದಾಗಿ ಕಟ್ಟಿದ ಮನೆಯ ಮೊದಲ ಚಳಿಗಾಲವಾದರೆ ಸ್ವಲ್ಪ ಕಾಯಿರಿ. ಕಾಂಕ್ರೀಟು, ಮರ, ಬಣ್ಣ ಎಲ್ಲ ಇನ್ನೂ ಒಣಗುತ್ತಿರುತ್ತವೆ. ಮುಂದಿನ ವರ್ಷ ಎಷ್ಟೋ ಕಡಿಮೆಯಾಗುತ್ತದೆ.

ಎಚ್ಚರಿಕೆಯೊಂದು, ಇದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಇದುವರೆಗೆ ಒಣಗಿದ್ದ ಮನೆಯ ಎಲ್ಲ ಕಿಟಕಿಗಳೂ ಹಠಾತ್ತನೆ ನೀರು ಸುರಿಸತೊಡಗಿದರೆ ಫರ್ನೇಸ್ ಅಥವಾ ಗ್ಯಾಸ್ ಗೀಸರಿನ ಹೊಗೆಕೊಳವೆ ಕಟ್ಟಿಕೊಂಡು, ಉರಿಯ ಹೊಗೆ ಮನೆಯೊಳಕ್ಕೇ ಬರುತ್ತಿರಬಹುದು. ಅದರಲ್ಲಿ ನೀರಾವಿಯ ಜೊತೆ ಕಾರ್ಬನ್ ಮಾನಾಕ್ಸೈಡ್ ಕೂಡ ಇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಸಿಒ ಅಲಾರಂ ಕೆಲಸ ಮಾಡುತ್ತಿದೆಯೇ ನೋಡಿ, ತಂತ್ರಜ್ಞರನ್ನು ಅದೇ ದಿನ ಕರೆಸಿ. ತಲೆನೋವು, ತಲೆಸುತ್ತು ಇದ್ದರೆ ಮನೆಯಿಂದ ಹೊರಗೆ ಬಂದು ತುರ್ತು ಸಂಖ್ಯೆಗೆ ಫೋನ್ ಮಾಡಿ.

ಹಂತ 3: ಸೀಲ್ ಹೋಗಿದೆಯೆಂದು ಖಚಿತ ಮಾಡಿಕೊಳ್ಳಿ

ಮೊದಮೊದಲು ಮಬ್ಬು ಬಂದು ಹೋಗಿ ಮಾಡುತ್ತದೆ. ಬೆಳಿಗ್ಗೆ ಇರುತ್ತದೆ, ಮಧ್ಯಾಹ್ನ ಬಿಸಿಲಿಗೆ ಕಾಣುವುದಿಲ್ಲ, ನೀವು ಮರೆತುಬಿಡುತ್ತೀರಿ. ಅನುಮಾನವಿದ್ದರೆ ಒಂದು ಸ್ಟೀಲ್ ಲೋಟಕ್ಕೆ ಮಂಜುಗಡ್ಡೆ ಮತ್ತು ಸ್ವಲ್ಪ ನೀರು ಹಾಕಿ ಅದರ ತಳವನ್ನು ಗಾಜಿಗೆ ಕೆಲವು ನಿಮಿಷ ಒತ್ತಿ ಹಿಡಿಯಿರಿ, ಆಮೇಲೆ ಆ ಜಾಗವನ್ನು ಒರೆಸಿ. ಒರೆಸಿದ ಮೇಲೂ ಲೋಟದ ತಳದಗಲದ ಮಬ್ಬು ಗಾಜಿನ ಒಳಗಡೆ ಉಳಿದಿದ್ದರೆ ಸ್ಪೇಸರಿನ ಕಾಳು ಸೋತಿದೆ. ಏನೂ ಕಾಣದಿದ್ದರೆ ಸೀಲ್ ಗಟ್ಟಿಯಾಗಿದೆ ಎಂದೇನೂ ಅಲ್ಲ, ಬೇರೆ ಜಾಗದಲ್ಲಿ ಇನ್ನೊಮ್ಮೆ ನೋಡಿ.

ಬೇರೆ ಗುರುತುಗಳೂ ಇವೆ. ಗಾಜಿನ ನಡುವೆ ನೀರು ಹರಿದು ಒಣಗಿದ ಬಿಳಿ ಗೆರೆಗಳು. ಲೋ-ಇ ಲೇಪ ತುಕ್ಕು ಹಿಡಿದಂಥ ಚುಕ್ಕೆಗಳು. ನಡುಭಾಗದಲ್ಲಿ ಕಾಮನಬಿಲ್ಲಿನ ಬಣ್ಣದ ಉಂಗುರಗಳು ಕಂಡರೆ ಆರ್ಗಾನ್ ಸೋರಿಹೋಗಿ ಎರಡು ಗಾಜುಗಳು ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದಿವೆ. ಕಡುಚಳಿಯಲ್ಲಿ ಅಂಥ ಗಾಜು ತಾನಾಗಿ ಸೀಳಬಹುದು. ಉಳಿದ ಮಬ್ಬು ಕಾಯಬಹುದು, ಇದು ಕಾಯುವುದಿಲ್ಲ.

ಯಾಕೆ ಹೀಗಾಗುತ್ತದೆ? ಬಿಸಿಲಿಗೆ ಒಳಗಿನ ಅನಿಲ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ದಿನವೂ ಸೀಲನ್ನು ಎಳೆದು ಬಿಡುತ್ತದೆ. ದಕ್ಷಿಣ ಮತ್ತು ಪಶ್ಚಿಮಕ್ಕೆ ಮುಖ ಮಾಡಿದ ಕಿಟಕಿಗಳು ಮೊದಲು ಹೋಗುವುದು ಇದಕ್ಕೇ. ಅದಕ್ಕಿಂತ ದೊಡ್ಡ ಶತ್ರು ಸ್ಯಾಶಿನ ತಳದಲ್ಲಿ ನಿಂತ ನೀರು. ಮಳೆನೀರು ಹೊರಗೆ ಹರಿಯಲೆಂದು ಕಿಟಕಿಯ ಕೆಳಗಿನ ಹೊರ ಅಂಚಿನಲ್ಲಿ ಚಿಕ್ಕ ತೂತುಗಳಿರುತ್ತವೆ, ಇವೇ ವೀಪ್ ಹೋಲ್. ಧೂಳು, ಸತ್ತ ಹುಳ, ಬಣ್ಣ ಬಳಿಯುವವರ ಕೈಚಳಕ, ಏನಾದರೊಂದು ಅವನ್ನು ಮುಚ್ಚುತ್ತದೆ. ಸೀಲ್ ವರ್ಷಗಟ್ಟಲೆ ನೀರಿನಲ್ಲಿ ನೆನೆಯುತ್ತದೆ.

ಸೀಲ್ ಹೋದ ಅಂಚಿಗೆ ಹೊರಗಿನಿಂದ ಸಿಲಿಕೋನ್ ಬಳಿಯುವವರಿದ್ದಾರೆ. ಒಳಗಿನ ತೇವ ಒಳಗೇ ಉಳಿಯುತ್ತದೆ. ಅದನ್ನು ಬಳಿಯುವಾಗ ವೀಪ್ ಹೋಲ್ ಮುಚ್ಚಿಹೋದರಂತೂ ಪಕ್ಕದ ಯೂನಿಟ್ಟಿಗೂ ಕುತ್ತು.

ಹಂತ 4: ಹಣ ಬಿಚ್ಚುವ ಮೊದಲು ವಾರಂಟಿ ಹುಡುಕಿ

ಟಾರ್ಚ್ ಹಿಡಿದು ಗಾಜಿನ ಅಂಚನ್ನು ಓರೆಯಾಗಿ ನೋಡಿ. ಸ್ಪೇಸರ್ ಮೇಲೆ ತಯಾರಕರ ಹೆಸರು ಅಥವಾ ಸಂಕೇತ, ತಿಂಗಳು ಮತ್ತು ವರ್ಷ ಮುದ್ರಿಸಿರುವುದು ಉಂಟು. ಇಲ್ಲದಿದ್ದರೆ ಗಾಜಿನ ಮೂಲೆಯ ಗುರುತು, ಫ್ರೇಮಿನ ಮೇಲ್ಭಾಗ ಅಥವಾ ಸ್ಯಾಶನ್ನು ಒಳಕ್ಕೆ ಬಾಗಿಸಿದಾಗ ಪಕ್ಕದಲ್ಲಿ ಕಾಣುವ ಚೀಟಿ ನೋಡಿ. ಸೀಲಿಗೆ 10ರಿಂದ 20 ವರ್ಷ ವಾರಂಟಿ ಕೊಡುವ ತಯಾರಕರು ಬಹಳ ಮಂದಿ ಇದ್ದಾರೆ. ಕಿಟಕಿಯ ಉಳಿದ ಭಾಗದ ವಾರಂಟಿ ಮುಗಿದಿದ್ದರೂ ಗಾಜಿನದು ಜೀವಂತವಾಗಿರಬಹುದು.

ಕೇಳಬೇಕಾದ ಪ್ರಶ್ನೆ ಮೂರು. ಮನೆ ಕೈ ಬದಲಾದಾಗ ವಾರಂಟಿ ಹೊಸ ಮಾಲೀಕರಿಗೆ ಬರುತ್ತದೆಯೇ? ವರ್ಷ ಕಳೆದಂತೆ ಅವರು ಕೊಡುವ ಪಾಲು ಕಡಿಮೆಯಾಗುತ್ತ ಹೋಗುತ್ತದೆಯೇ? ಗಾಜು ಮಾತ್ರವೇ, ಕೂರಿಸುವ ಕೂಲಿಯೂ ಸೇರಿದೆಯೇ? ಕೂಲಿ ಬೇರೆ ಎಂಬ ಉತ್ತರಕ್ಕೆ ಸಿದ್ಧರಾಗಿರಿ.

ಫೋಟೊವನ್ನು ಮಬ್ಬು ಇರುವಾಗಲೇ ತೆಗೆದಿಡಿ. ಅವರು ಬಂದ ಬಿಸಿಲಿನ ದಿನ ಗಾಜು ತಿಳಿಯಾಗಿದ್ದರೆ ನಿಮ್ಮ ಮಾತನ್ನು ನಂಬುವುದಿಲ್ಲ. ಒಳಗಿನಿಂದ ಪ್ಲಾಸ್ಟಿಕ್ ಸನ್ ಫಿಲ್ಮ್ ಅಂಟಿಸಿದ್ದರೆ, ಪ್ರೆಶರ್ ವಾಷರಿನಿಂದ ತೊಳೆದಿದ್ದರೆ ವಾರಂಟಿ ಬಿದ್ದುಹೋಗಬಹುದು, ಚೀಟಿಯ ಸಣ್ಣಕ್ಷರ ಓದಿ. ಮನೆಯ ವಿಮೆ ಸಾಮಾನ್ಯವಾಗಿ ಇದಕ್ಕೆ ಸಲ್ಲುವುದಿಲ್ಲ, ಸವೆತವನ್ನು ಅವರು ಅಪಘಾತವೆಂದು ಎಣಿಸುವುದಿಲ್ಲ. ಕಾಂಡೊ ಅಥವಾ ಟೌನ್‌ಹೋಮ್ ಆದರೆ ಕಿಟಕಿ ಯಾರ ಹೊಣೆ ಎಂದು ಅಸೋಸಿಯೇಷನ್ ನಿಯಮದಲ್ಲಿ ನೋಡಿ. ಬಾಡಿಗೆಯವರು ಮಾಲೀಕರಿಗೆ ಬರಹದಲ್ಲೇ ತಿಳಿಸಿ.

ಹಂತ 5: ಏನು ಮಾಡಿಸಬೇಕೆಂದು ತೀರ್ಮಾನಿಸಿ

ಹಾಗೇ ಬಿಡಬಹುದು. ಮೆಟ್ಟಿಲಿನ ಮೇಲಿನ ಚಿಕ್ಕ ಕಿಟಕಿ ಮಬ್ಬಾದರೆ ಆಕಾಶವೇನೂ ಬೀಳುವುದಿಲ್ಲ. ಆರ್ಗಾನ್ ಹೋಗಿದೆ, ಚಳಿ ತಡೆಯುವ ಶಕ್ತಿ ಸ್ವಲ್ಪ ಕುಗ್ಗಿದೆ, ಆದರೆ ಎರಡು ಗಾಜು ಇನ್ನೂ ಎರಡು ಗಾಜೇ. ಒಂದು ಮಾತು ಮಾತ್ರ: ತೇವ ವರ್ಷಗಟ್ಟಲೆ ಕೂತರೆ ಗಾಜಿನ ಮೈಯನ್ನೇ ಕೊರೆದು ಶಾಶ್ವತ ಮಬ್ಬು ಮಾಡುತ್ತದೆ.

ಡಿಫಾಗಿಂಗ್ ಎಂಬ ಸೇವೆಯಿದೆ. ಗಾಜಿಗೆ ಸಣ್ಣ ತೂತು ಕೊರೆದು, ಒಳಗೆ ತೊಳೆದು, ಒಣಗಿಸಿ, ತೂತಿಗೆ ಪುಟ್ಟ ಕವಾಟ ಹಾಕುತ್ತಾರೆ. ನೋಟ ತಿಳಿಯಾಗುತ್ತದೆ, ಆದರೆ ಆರ್ಗಾನ್ ಮರಳುವುದಿಲ್ಲ, ಹೊಸ ಒಣಗಿಸುವ ಕಾಳು ಬರುವುದಿಲ್ಲ, ಗಾಜು ಕೊರೆದುಹೋಗಿದ್ದರೆ ಆ ಮಬ್ಬೂ ಹೋಗುವುದಿಲ್ಲ. ಟೆಂಪರ್ಡ್ ಗಾಜನ್ನಂತೂ (ಒಡೆದರೆ ಹರಳಾಗಿ ಉದುರುವ ಸುರಕ್ಷತಾ ಗಾಜು) ಕೊರೆಯಲಾಗದು, ಪುಡಿಪುಡಿಯಾಗುತ್ತದೆ. ನನ್ನ ಮಟ್ಟಿಗೆ ಇದು ಮನೆ ಮಾರುವ ಮುಂಚೆ ಬಳಿಯುವ ಸುಣ್ಣದಂತೆ.

ಯೂನಿಟ್ ಮಾತ್ರ ಬದಲಾಯಿಸುವುದು. ಫ್ರೇಮು, ಸ್ಯಾಶು ಗಟ್ಟಿಯಾಗಿದ್ದರೆ ನನ್ನ ಸಲಹೆ ಯಾವಾಗಲೂ ಇದೇ. ಗೋಡೆ ಮುಟ್ಟಬೇಕಿಲ್ಲ, ಬಣ್ಣ ಬಳಿಯಬೇಕಿಲ್ಲ. ಒಂದು ಯೂನಿಟ್ಟಿಗಾಗಿ ಇಡೀ ಕಿಟಕಿ ಕೀಳಿಸುವುದು ಮೂಗಿಗಿಂತ ಮೂಗುತಿ ಭಾರ ಮಾಡಿಕೊಂಡಂತೆ. ಕಿಟಕಿ ಕಂಪನಿಗೆ ಫೋನ್ ಮಾಡಬೇಡಿ, ಗಾಜಿನಂಗಡಿಗೆ ಮಾಡಿ. ಕಿಟಕಿ ಮಾರುವವರಿಗೆ ಗಾಜೊಂದನ್ನೇ ಮಾರುವುದರಲ್ಲಿ ಆಸಕ್ತಿ ಕಡಿಮೆ.

ಸ್ಯಾಶ್ ಸಮೇತ ಬದಲಾಯಿಸುವುದು. ಗಾಜನ್ನು ಸ್ಯಾಶಿಗೇ ಅಂಟಿಸಿಬಿಟ್ಟಿರುವ ಬಗೆಗಳಲ್ಲಿ ಇದೊಂದೇ ದಾರಿ. ತಯಾರಕರು ಇನ್ನೂ ಇದ್ದರೆ ಸುಲಭ.

ಇಡೀ ಕಿಟಕಿ. ಮರ ಕೊಳೆತು ಚಾಕುವಿನ ಮೊನೆ ಒಳಗೆ ಹೋಗುತ್ತಿದ್ದರೆ, ಫ್ರೇಮ್ ಸೊಟ್ಟಗಾಗಿ ಗಾಳಿ ನುಗ್ಗುತ್ತಿದ್ದರೆ, ಒಂದೇ ವಯಸ್ಸಿನ ಅರ್ಧದಷ್ಟು ಯೂನಿಟ್ಟುಗಳು ಆಗಲೇ ಹೋಗಿದ್ದರೆ ಆಗ ಸರಿ. ಅಮೆರಿಕದಲ್ಲಿ 1978ಕ್ಕೆ ಮುಂಚಿನ ಮನೆಯಾದರೆ ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದಕ್ಕೆ ಪರವಾನಗಿ ಪಡೆದವರೇ ಬೇಕು. ಹೊಸ ಕಿಟಕಿಗೆ ಫೆಡರಲ್ ತೆರಿಗೆಯಲ್ಲಿ 600 ಡಾಲರ್‌ವರೆಗೆ ಸಿಗುತ್ತಿದ್ದ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಯಾರಾದರೂ ಇನ್ನೂ ಅದರ ಆಸೆ ತೋರಿಸಿದರೆ ಉಳಿದ ಮಾತನ್ನೂ ಅದೇ ತಕ್ಕಡಿಯಲ್ಲಿ ತೂಗಿ.

ಹಂತ 6: ಅಳತೆ

ಯೂನಿಟ್ ಅಳತೆ ಕೊಟ್ಟು ಮಾಡಿಸುವ ಸಾಮಾನು, ತಪ್ಪಾದರೆ ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ. ನೆಲದಂತಸ್ತಿನ ಚಿಕ್ಕ ಕಿಟಕಿಯಾದರೆ ನೀವೇ ಮಾಡಬಹುದು. ಎರಡನೇ ಅಂತಸ್ತು, ದೊಡ್ಡ ಗಾಜು, ಅರ್ಧವೃತ್ತದ ಆಕಾರ ಇದ್ದರೆ ಅಂಗಡಿಯವರೇ ಬಂದು ಅಳೆಯಲಿ, ತಪ್ಪಿನ ಹೊಣೆಯೂ ಅವರ ಮೇಲಿರುತ್ತದೆ. ತೂಕದ ಲೆಕ್ಕ ಗೊತ್ತಿರಲಿ: ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ 2.5 ಕಿಲೊ. 3 ಮಿಲಿಮೀಟರಿನ ಎರಡು ಗಾಜು ಸೇರಿದರೆ ಚದರ ಮೀಟರಿಗೆ 15 ಕಿಲೊ.

ವಿನೈಲ್ ಕಿಟಕಿಗಳಲ್ಲಿ ಗಾಜನ್ನು ಹಿಡಿದಿರುವುದು ನಾಲ್ಕು ಕಡೆಯ ತೆಳು ಪಟ್ಟಿಗಳು, ಗ್ಲೇಸಿಂಗ್ ಬೀಡ್. ಉದ್ದದ ಪಟ್ಟಿಯ ನಡುವಿನಿಂದ ಶುರುಮಾಡಿ, ಗಟ್ಟಿ ಪುಟ್ಟಿ ಚಾಕು ತೂರಿಸಿ ಮೆಲ್ಲಗೆ ಎಬ್ಬಿಸಿ. ಯಾವುದು ಎಲ್ಲಿಂದ ಬಂತೆಂದು ಟೇಪ್ ಅಂಟಿಸಿ ಬರೆದಿಡಿ. ಚಳಿಯಲ್ಲಿ ವಿನೈಲ್ ಹಪ್ಪಳದಂತೆ ಮುರಿಯುತ್ತದೆ, ಈ ಕೆಲಸವನ್ನು ಬೆಚ್ಚಗಿನ ದಿನಕ್ಕೆ ಇಟ್ಟುಕೊಳ್ಳಿ.

ಗಾಜು ಕೂರುವ ಗುಂಡಿಯ ಅಗಲವನ್ನು ಮೂರು ಕಡೆ, ಎತ್ತರವನ್ನು ಮೂರು ಕಡೆ ಅಳೆದು ಎರಡರಲ್ಲೂ ಚಿಕ್ಕದನ್ನು ಹಿಡಿಯಿರಿ. ಪ್ರತಿಯೊಂದರಿಂದ ಕಾಲಿಂಚು, ಅಂದರೆ 6 ಮಿಲಿಮೀಟರ್ ಕಳೆಯಿರಿ. ಸುತ್ತಲೂ ಆ ಅರೆಕಾಲಿಂಚು ಜಾಗ ಇರಲೇಬೇಕು. ಹಳೆಯ ಯೂನಿಟ್ ಅಳತೆಗೂ ಇದಕ್ಕೂ ತಾಳೆ ನೋಡಿ. ಆಮೇಲೆ ಒಟ್ಟು ದಪ್ಪ: ಹೊರಗಿನ ಗಾಜಿನ ಹೊರಮುಖದಿಂದ ಒಳಗಿನ ಗಾಜಿನ ಒಳಮುಖದವರೆಗೆ. ಹೆಚ್ಚಿನ ಎಡವಟ್ಟು ಇಲ್ಲೇ ಆಗುವುದು. ಮುಕ್ಕಾಲು ಇಂಚಿನ ಜಾಗಕ್ಕೆ 7/8 ಇಂಚಿನ ಯೂನಿಟ್ ಬಂದರೆ ಬೀಡ್ ಕೂರುವುದೇ ಇಲ್ಲ. ಅಂದಾಜು ಬೇಡ, ಕ್ಯಾಲಿಪರ್ ಬಳಸಿ.

ಅಂಗಡಿಗೆ ಹೇಳುವಾಗ ಅಗಲ ಮೊದಲು, ಎತ್ತರ ಆಮೇಲೆ. ಜೊತೆಗೆ ಲೋ-ಇ ಬೇಕೆಂದು, ಆರ್ಗಾನ್ ಬೇಕೆಂದು, ಸ್ಪೇಸರಿನ ಬಣ್ಣ, ಗಾಜಿನ ನಡುವೆ ಚೌಕುಳಿ ಪಟ್ಟಿಗಳಿದ್ದರೆ ಅವುಗಳ ಅಳತೆ. ಪಕ್ಕದ ಕಿಟಕಿಯ ಗಾಜಿನ ಬಣ್ಣಕ್ಕೆ ಹೊಂದುತ್ತದೆಯೇ ಎಂದೂ ಕೇಳಿ. ಲೋ-ಇ ಲೇಪಗಳಲ್ಲಿ ಬಗೆಬಗೆಯಿವೆ, ಹೊಂದದಿದ್ದರೆ ಬೀದಿಯಿಂದ ನೋಡಿದಾಗ ಒಂದು ಕಣ್ಣು ಮಾತ್ರ ಹಸಿರಾದಂತೆ ಕಾಣುತ್ತದೆ.

ಹಳೆಯ ಗಾಜಿನ ಮೂಲೆಯಲ್ಲಿ ಚಿಕ್ಕ ಮುದ್ರೆ ಇದ್ದರೆ ಅದು ಟೆಂಪರ್ಡ್, ಅಂದರೆ ಒಡೆದರೆ ಚೂರಿಯಂಥ ಚೂರಾಗದೆ ಹರಳಾಗಿ ಉದುರುವ ಗಾಜು. ಹೊಸದೂ ಹಾಗೇ ಇರಬೇಕು. ಬಾಗಿಲ ಪಕ್ಕ, ನೆಲಕ್ಕೆ ಹತ್ತಿರ, ಬಾತ್‌ಟಬ್ ಬಳಿ, ಮೆಟ್ಟಿಲ ಬದಿಯ ಕಿಟಕಿಗಳಲ್ಲಿ ಮುದ್ರೆ ಕಾಣದಿದ್ದರೂ ಅಂಗಡಿಯವರನ್ನು ಕೇಳಿ. ಅಗ್ಗವೆಂದು ಮಾಮೂಲಿ ಗಾಜು ಹಾಕಿಸಬೇಡಿ, ಮನೆಯಲ್ಲಿ ಓಡಾಡುವ ಮಕ್ಕಳಿದ್ದಾರೆ.

ಹಂತ 7: ಕೂರಿಸುವುದು

ಬೇಕಾದ್ದು: ದಪ್ಪ ಕೈಗವಸು, ಕನ್ನಡಕ, ಗಾಜು ಹಿಡಿಯುವ ಸಕ್ಷನ್ ಕಪ್ಪು, ಪುಟ್ಟಿ ಚಾಕು, ಪ್ಲಾಸ್ಟಿಕ್ ಸುತ್ತಿಗೆ, ಗ್ಲೇಸಿಂಗ್ ಟೇಪ್ (ಎರಡೂ ಕಡೆ ಅಂಟಿರುವ ಫೋಮ್ ಟೇಪ್), ಸೆಟ್ಟಿಂಗ್ ಬ್ಲಾಕ್ (ಗಾಜಿನ ಕೆಳಗಿಡುವ ಗಟ್ಟಿ ರಬ್ಬರ್ ತುಂಡು), ಮತ್ತು ಇನ್ನೊಬ್ಬ ಮನುಷ್ಯ.

ಹಳೆಯ ಗಾಜಿಗೆ ಅಡ್ಡಡ್ಡ ಟೇಪ್ ಅಂಟಿಸಿ, ಅಂಟು ಬಿಡಿಸಿ ಹೊರತೆಗೆಯಿರಿ. ಗುಂಡಿಯನ್ನು ಪೂರ್ತಿ ಶುಚಿ ಮಾಡಿ. ಈಗ ಒಂದು ಲೋಟ ನೀರು ಸುರಿದು ವೀಪ್ ಹೋಲಿನಿಂದ ಹೊರಗೆ ಹರಿಯುತ್ತದೆಯೇ ನೋಡಿ. ಹರಿಯದಿದ್ದರೆ ತೆಳು ತಂತಿಯಿಂದ ಬಿಡಿಸಿ. ಇದನ್ನು ಬಿಟ್ಟರೆ ಹೊಸ ಯೂನಿಟ್ಟಿಗೂ ಹಳೆಯದರ ಗತಿಯೇ.

ಒಣಗಿದ ಮೇಲೆ ಟೇಪ್ ಹಾಕಿ. ಬ್ಲಾಕ್ ಎರಡು, ಅಗಲದ ಎರಡು ತುದಿಗಳಿಂದ ಕಾಲುಭಾಗ ಒಳಕ್ಕೆ ಇಡಿ. ಎರಡೂ ಗಾಜಿನ ಭಾರ ಬ್ಲಾಕಿನ ಮೇಲೆ ಕೂರಬೇಕು. ಒಂದೇ ಗಾಜು ಕೂತರೆ ಇನ್ನೊಂದು ಜೋತುಬಿದ್ದು ಸೀಲನ್ನು ಎಳೆಯುತ್ತದೆ. ಬ್ಲಾಕ್ ವೀಪ್ ಹೋಲಿಗೆ ಅಡ್ಡ ಬರದಿರಲಿ.

ಲೋ-ಇ ಯಾವ ಕಡೆ? ಯೂನಿಟ್ ಮೇಲೆ ಹೊರಗಡೆ ಎಂಬ ಚೀಟಿ ಇರುತ್ತದೆ. ಚೀಟಿ ಕಿತ್ತುಹೋಗಿದ್ದರೆ ಕತ್ತಲೆಯಲ್ಲಿ ಲೈಟರ್ ಹಚ್ಚಿ ಗಾಜಿನ ಹತ್ತಿರ ಹಿಡಿಯಿರಿ. ನಾಲ್ಕು ಮುಖಗಳಿಗೆ ನಾಲ್ಕು ಜ್ವಾಲೆಯ ಪ್ರತಿಬಿಂಬ ಕಾಣುತ್ತದೆ, ಅದರಲ್ಲಿ ಬಣ್ಣ ಬೇರೆಯಿರುವುದೇ ಲೇಪವಿರುವ ಮುಖ. ಹಳೆಯ ಯೂನಿಟ್ಟಿನಲ್ಲಿ ಎಲ್ಲಿತ್ತೋ ಹೊಸದರಲ್ಲೂ ಅಲ್ಲೇ ಇರಲಿ.

ಮೊದಲು ತಳದ ಅಂಚನ್ನು ಬ್ಲಾಕಿನ ಮೇಲಿಟ್ಟು, ಮೆಲ್ಲಗೆ ಮೇಲಕ್ಕೆ ಬಾಗಿಸಿ, ಸುತ್ತಲೂ ಸಮ ಜಾಗ ಬಂದಿದೆಯೇ ನೋಡಿ ಒತ್ತಿ. ಟೇಪಿಗೆ ಅಂಟಿದ ಮೇಲೆ ಸರಿಸಲಾಗುವುದಿಲ್ಲ. ಬೀಡುಗಳನ್ನು ತೆಗೆದ ಕ್ರಮಕ್ಕೆ ಉಲ್ಟಾ ಹಾಕಿ.

ಸಿಲಿಕೋನ್ ಬೇಕಾದಲ್ಲಿ 'ನ್ಯೂಟ್ರಲ್ ಕ್ಯೂರ್' ಎಂದು ಬರೆದಿರುವುದನ್ನೇ ತನ್ನಿ. ವಿನಿಗರ್ ವಾಸನೆ ಬರುವ ಮಾಮೂಲಿ ಸಿಲಿಕೋನಿನಿಂದ ಹೊರಡುವ ಆಮ್ಲ ಯೂನಿಟ್ಟಿನ ಅಂಚಿನ ಸೀಲನ್ನೇ ಕೆಡಿಸುತ್ತದೆ. ಹೊಸ ಗಾಜು ಹಾಕಿದ ಎರಡನೇ ವರ್ಷಕ್ಕೇ ಮಬ್ಬಾಯಿತೆಂದು ಗೋಳಾಡುವವರಿಗೆ ನಾನು ಮೊದಲು ಕೇಳುವುದು ಟ್ಯೂಬಿನ ಹೆಸರನ್ನೇ.

ಬೆಂಗಳೂರು, ಮಂಗಳೂರಿನವರಿಗೆ

ಬೆಂಗಳೂರಿನಲ್ಲಿ ಜೋಡಿ ಗಾಜು ಹಾಕಿಸುವುದು ಚಳಿಗಲ್ಲ, ಟ್ರಾಫಿಕ್ ಸದ್ದಿಗೆ. ಅಲ್ಲಿ ಒಳಮುಖ ಬೆವರುವ ತೊಂದರೆ ಅಪರೂಪ, ಆದರೆ ಸೀಲ್ ಹೋಗುವ ತೊಂದರೆ ಇದೆ. ಆರ್ಡರ್ ಕೊಡುವ ಮೊದಲು ಯುಪಿವಿಸಿ ಕಿಟಕಿಯವರನ್ನು ಎರಡು ಮಾತು ಕೇಳಿ: ಯೂನಿಟ್ ಕಾರ್ಖಾನೆಯಲ್ಲಿ ಮಾಡಿದ್ದೇ, ವರ್ಕ್‌ಶಾಪಿನಲ್ಲಿ ಕೈಯಲ್ಲೇ ಅಂಟಿಸಿದ್ದೇ? ಬ್ಯೂಟೈಲ್ ಮತ್ತು ಹೊರಗಿನ ಅಂಟು ಎರಡೂ ಇವೆಯೇ, ಬರೀ ಸಿಲಿಕೋನೇ? ಸಿಲಿಕೋನ್ ಒಂದೇ ಇದ್ದರೆ ತೇವ ಸಲೀಸಾಗಿ ದಾಟುತ್ತದೆ. ಎರಡೂ ಸೀಲ್ ಇದೆಯೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸದ್ದೊಂದೇ ತೊಂದರೆಯಾದರೆ ನಡುವೆ ಪ್ಲಾಸ್ಟಿಕ್ ಪದರ ಇರುವ ಲ್ಯಾಮಿನೇಟೆಡ್ ಗಾಜಿನ ಬೆಲೆಯನ್ನೂ ಕೇಳಿ ನೋಡಿ.

ಕರಾವಳಿಯಲ್ಲಿ ಲೆಕ್ಕ ತಿರುಗಾಮುರುಗಾ. ಮಂಗಳೂರಿನ ಮಳೆಗಾಲದಲ್ಲಿ ಹೊರಗಿನ ಗಾಳಿಯೇ ತೇವದ ಮುದ್ದೆ, ಒಳಗೆ ಎಸಿ. ಗಾಜಿನ ಹೊರಮುಖದಲ್ಲಿ ನೀರು ಇಳಿಯುತ್ತದೆ, ಒಂಟಿ ಗಾಜಾದರೆ ಇನ್ನೂ ಹೆಚ್ಚು. ಎಸಿಯನ್ನು ಒಂದೆರಡು ಡಿಗ್ರಿ ಏರಿಸಿ. ನೀರು ಮರದ ಚೌಕಟ್ಟಿಗೆ ಇಳಿಯುತ್ತಿದ್ದರೆ ಕೆಳ ಅಂಚಿನ ಬಣ್ಣ ಎಲ್ಲಾದರೂ ಎದ್ದಿದೆಯೇ ಎಂದು ಮಳೆಗಾಲ ಶುರುವಾಗುವ ಮೊದಲೇ ನೋಡಿ ಬಳಿಸಿಬಿಡಿ.